ಹೆಸರಿಲ್ಲದ ಫೋಟೋಗಳು: ದುಡಿದ ಮಕ್ಕಳ ಮುಂದಿನ ಬದುಕಿನ ಹುಡುಕಾಟ

ಹಳೆಯ ಫೋಟೋಗಳಲ್ಲಿ ಕೆಲಸದ ನಡುವೆ ಕಾಣಿಸಿಕೊಂಡ ಮಕ್ಕಳು ಯಾರು, ದೊಡ್ಡವರಾಗಿ ಏನಾದರು, ಎಲ್ಲಿ ಬಾಳಿದರು, ಅವರ ಮಕ್ಕಳು ಮೊಮ್ಮಕ್ಕಳು ಎಲ್ಲಿದ್ದಾರೆ ಎಂಬುದನ್ನು ದಾಖಲೆಗಳ ಮೂಲಕವೂ ಮನೆಮಂದಿಯ ನೆನಪಿನ ಮೂಲಕವೂ ಹುಡುಕಿ ತೆಗೆಯುವ ಒಂದು ಬಗೆಯ ಚರಿತ್ರೆಯ ಕೆಲಸವಿದೆ. ಇದು ಅಮೆರಿಕದಲ್ಲಿ ದೊಡ್ಡದಾಗಿ ಬೆಳೆದಿದೆ. ಅಲ್ಲಿ ಹುಡುಕುವವರಿಗೆ ಹಿಡಿದು ಹೊರಡಲು ಒಂದು ಹೆಸರು ಸಿಕ್ಕಿತ್ತು. ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಹೊಲ, ತೋಟ, ಕಣಗಳಲ್ಲಿ ತಲೆಮಾರುಗಳ ಕಾಲ ಮಕ್ಕಳು ದುಡಿದಿದ್ದಾರೆ. ಅವರ ಫೋಟೋಗಳು ಬಂದದ್ದು ತಡವಾಗಿ, ಅವುಗಳ ಅಡಿಬರಹದಲ್ಲಿ ಬೆಳೆಯ ಹೆಸರಿದ್ದಷ್ಟು ಖಚಿತವಾಗಿ ಮಗುವಿನ ಹೆಸರು ಇರಲಿಲ್ಲ. ಹೀಗಾಗಿ ಇಲ್ಲಿ ಹುಡುಕಾಟ ಬೇರೆ ದಾರಿ ಹಿಡಿಯಬೇಕಾಗುತ್ತದೆ. ಆ ದಾರಿಗಳು ಇವೆ, ಬಳಸಿದವರು ಕಡಿಮೆ.

ಹೆಸರು ಬರೆದಿಟ್ಟ ಕ್ಯಾಮೆರಾ

ಲೂಯಿಸ್ ಹೈನ್ ನ್ಯೂಯಾರ್ಕಿನ ಒಂದು ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. 1904ರಲ್ಲಿ ಹುಟ್ಟಿದ ನ್ಯಾಷನಲ್ ಚೈಲ್ಡ್ ಲೇಬರ್ ಕಮಿಟಿ ಅವರನ್ನು 1908ರಲ್ಲಿ ಫೋಟೋಗ್ರಾಫರ್ ಆಗಿ ಸೇರಿಸಿಕೊಂಡಿತು. ನೂಲಿನ ಗಿರಣಿ, ಕಲ್ಲಿದ್ದಲ ಗಣಿ, ಗಾಜಿನ ಕಾರ್ಖಾನೆ, ಹಣ್ಣು ಡಬ್ಬಿಗೆ ತುಂಬುವ ಶೆಡ್ಡು ಎಂದು ಅವರು ದೇಶವೆಲ್ಲ ಸುತ್ತಿದರು. ಮಾಲೀಕರು ಒಳಗೆ ಬಿಡದಿದ್ದಾಗ ವಿಮೆ ಏಜೆಂಟ್, ಬೈಬಲ್ ಮಾರುವವ ಎಂದು ಹೇಳಿಕೊಂಡು ಹೋಗುತ್ತಿದ್ದರು. ತಮ್ಮ ಕೋಟಿನ ಯಾವ ಗುಂಡಿ ನೆಲದಿಂದ ಎಷ್ಟು ಎತ್ತರ ಎಂದು ಮೊದಲೇ ಅಳೆದಿಟ್ಟುಕೊಂಡು, ಮಗುವಿನ ತಲೆ ಯಾವ ಗುಂಡಿಯವರೆಗೆ ಬರುತ್ತದೆ ಎಂದು ನೋಡಿ ಎತ್ತರ ಅಂದಾಜು ಮಾಡುತ್ತಿದ್ದರು. ಜೇಬಿನಲ್ಲಿ ಕೈಯಿಟ್ಟುಕೊಂಡೇ ಹೆಸರು, ವಯಸ್ಸು, ಊರು, ಗಿರಣಿ, ಕೂಲಿ ಬರೆದುಕೊಳ್ಳುತ್ತಿದ್ದರು. ಆ ಕಮಿಟಿಗಾಗಿ ತೆಗೆದ 5,000ಕ್ಕೂ ಹೆಚ್ಚು ಫೋಟೋಗಳು ಇಂದು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. ಕಾನೂನಿಗೆ ಸಾಕ್ಷಿ ಬೇಕೆಂದು ಬರೆದ ಆ ನಾಲ್ಕು ಸಾಲೇ ನೂರು ವರ್ಷದ ಮೇಲೆ ವಂಶ ಹುಡುಕುವವರಿಗೆ ಕೀಲಿಯಾಯಿತು.

1910ರ ಆಗಸ್ಟ್‌ನಲ್ಲಿ ವರ್ಮಾಂಟ್ ರಾಜ್ಯದ ನಾರ್ತ್ ಪೌನಲ್ ಗಿರಣಿಯಲ್ಲಿ ಹೈನ್ ಒಬ್ಬ ಹುಡುಗಿಯ ಫೋಟೋ ತೆಗೆದರು. ನೂಲಿನ ಯಂತ್ರಕ್ಕೆ ಒರಗಿ, ಬರಿಗಾಲಲ್ಲಿ, ಎಣ್ಣೆ ಮೆತ್ತಿದ ಅಂಗಿಯಲ್ಲಿ ನಿಂತ ಆ 12 ವರ್ಷದ ಹುಡುಗಿ ಬಾಲಕಾರ್ಮಿಕರ ವಿಷಯ ಬಂದಾಗಲೆಲ್ಲ ಮುದ್ರಣವಾಗುವ ಮುಖವಾದಳು. 1998ರಲ್ಲಿ ಅಮೆರಿಕದ ಅಂಚೆ ಚೀಟಿಯ ಮೇಲೂ ಬಂದಳು. ಅವಳ ಕುಲನಾಮ ಬಹಳ ಕಾಲ ‘ಲೇರ್ಡ್’ ಎಂದು ಓಡಾಡುತ್ತಿತ್ತು. ಆ ಹೆಸರಿನಲ್ಲಿ ಹುಡುಕಿದವರಿಗೆ ಯಾರೂ ಸಿಗಲಿಲ್ಲ. ಆ ಫೋಟೋ ನೋಡಿ ಕಾದಂಬರಿ ಬರೆಯುತ್ತಿದ್ದ ಎಲಿಜಬೆತ್ ವಿಂತ್ರಪ್ 1910ರ ಜನಗಣತಿಯ ಹಾಳೆಗಳಲ್ಲಿ ಆಕೆಯನ್ನು ಆಡಿ ಕಾರ್ಡ್ ಎಂದು ಗುರುತಿಸಿದರು. ಮುಂದಿನ ಜಾಡು ಹಿಡಿಯಲು 2005ರಲ್ಲಿ ಮ್ಯಾಸಚೂಸೆಟ್ಸ್‌ನ ಜೋ ಮ್ಯಾನಿಂಗ್ ಎಂಬ ಬರಹಗಾರನ ಸಹಾಯ ಕೇಳಿದರು. ಸಿಕ್ಕ ಕಥೆ ಇಷ್ಟು: ಎರಡು ವರ್ಷದವಳಿದ್ದಾಗಲೇ ತಾಯಿ ತೀರಿಕೊಂಡಿದ್ದಳು, ಅಜ್ಜಿ ಸಾಕಿದಳು. ಗಿರಣಿ ಕೆಲಸದ ಹುಡುಗನ ಜೊತೆ ಬೇಗ ಮದುವೆಯಾಯಿತು, ಮಗಳು ಹುಟ್ಟಿದಳು, ಮದುವೆ ಮುರಿಯಿತು. ಮತ್ತೆ ಮದುವೆಯಾಗಿ ಒಂದು ಹೆಣ್ಣುಮಗುವನ್ನು ದತ್ತು ತೆಗೆದುಕೊಂಡಳು. ತೊಂಬತ್ತು ದಾಟುವವರೆಗೆ ಬದುಕಿ 1993ರಲ್ಲಿ ತೀರಿಕೊಂಡಳು. ಅಂಚೆ ಚೀಟಿ ಬಂದದ್ದು ಅದಾಗಿ ಐದು ವರ್ಷಕ್ಕೆ. ತನ್ನ ಮುಖ ಇಷ್ಟು ಕಡೆ ಅಚ್ಚಾಗಿದೆ ಎಂದು ಆಕೆಗೆ ಗೊತ್ತೇ ಇರಲಿಲ್ಲ.

ಮ್ಯಾನಿಂಗ್ ಅಲ್ಲಿಗೆ ನಿಲ್ಲಿಸಲಿಲ್ಲ. ಹೈನ್ ತೆಗೆದ ಫೋಟೋಗಳಲ್ಲಿನ ಮುನ್ನೂರಕ್ಕೂ ಹೆಚ್ಚು ಮಕ್ಕಳ ಮುಂದಿನ ಬದುಕನ್ನು ಹುಡುಕಿ ಬರೆದರು. ಅವರ ಕೈಯಲ್ಲಿದ್ದ ಸಲಕರಣೆಗಳೆಲ್ಲ ಸಾದಾ: ಜನಗಣತಿಯ ಹಾಳೆ, ಮದುವೆ ನೋಂದಣಿ, ಪತ್ರಿಕೆಯ ನಿಧನ ವಾರ್ತೆ, ಟೆಲಿಫೋನ್ ಡೈರೆಕ್ಟರಿ. ಎಷ್ಟೋ ಮನೆಗಳಲ್ಲಿ ಮೊಮ್ಮಕ್ಕಳು ಅಜ್ಜನ ಬಾಲ್ಯದ ಮುಖ ನೋಡಿದ್ದು ಅವರು ಕಳಿಸಿದ ಫೋಟೋದಲ್ಲೇ ಮೊದಲು. ಆ ಬದುಕುಗಳು ಒಂದೇ ಅಚ್ಚಿನವಲ್ಲ. ಬೇಗ ಸತ್ತವರಿದ್ದರು, ಗಿರಣಿಯಲ್ಲೇ ಮುದುಕರಾದವರಿದ್ದರು, ಮನೆ ಕಟ್ಟಿ ಮಕ್ಕಳನ್ನು ಓದಿಸಿ ನೆಮ್ಮದಿಯಾಗಿ ಬಾಳಿದವರೂ ಬೇಕಾದಷ್ಟಿದ್ದರು. ಈ ಹುಡುಕಾಟದ ದೊಡ್ಡ ಬೆಲೆ ಇಲ್ಲಿದೆ ಎನ್ನಬೇಕು. ಫೋಟೋ ಒಂದು ಗಳಿಗೆಯ ದೈನ್ಯವನ್ನು ಹಿಡಿದು ನಿಲ್ಲಿಸಿತ್ತು, ಎಂಬತ್ತು ವರ್ಷದ ಬಾಳಿನಲ್ಲಿ ಅದು ಒಂದು ಮಧ್ಯಾಹ್ನ ಮಾತ್ರ.

ಕ್ಯಾಮೆರಾ ಇಲ್ಲದೆಯೂ ಇಂಥ ಹುಡುಕಾಟ ನಡೆದದ್ದುಂಟು. 1916ರಲ್ಲಿ ಅಮೆರಿಕ ಬಾಲಕಾರ್ಮಿಕರ ಮೇಲೆ ಮೊದಲ ಕೇಂದ್ರ ಕಾನೂನು ತಂದಾಗ, ನಾರ್ತ್ ಕ್ಯಾರೊಲಿನಾದ ರೋಲಂಡ್ ಡ್ಯಾಗನ್‌ಹಾರ್ಟ್ ತನ್ನ ಇಬ್ಬರು ಹುಡುಗರು ಗಿರಣಿಯಲ್ಲಿ ದುಡಿಯುವ ಹಕ್ಕಿಗಾಗಿ ಕೋರ್ಟಿಗೆ ಹೋದ. 1918ರಲ್ಲಿ ಸುಪ್ರೀಂ ಕೋರ್ಟ್ ಅವನ ಪರವಾಗಿ ತೀರ್ಪು ಕೊಟ್ಟು ಕಾನೂನನ್ನೇ ರದ್ದು ಮಾಡಿತು. ಐದು ವರ್ಷದ ಮೇಲೆ ಪತ್ರಕರ್ತ ಲೋವೆಲ್ ಮೆಲೆಟ್ ಆ ಹುಡುಗರಲ್ಲೊಬ್ಬನಾದ ರೂಬೆನ್‌ನನ್ನು ಹುಡುಕಿಕೊಂಡು ಹೋದ. ಇಪ್ಪತ್ತು ವರ್ಷದ ಗಂಡಸು, ತೂಕ 105 ಪೌಂಡ್, ಅಂದರೆ 48 ಕಿಲೋ ಕೂಡ ಇಲ್ಲ. ಗೆದ್ದ ಮೊಕದ್ದಮೆಯಿಂದ ತನಗೆ ಸಿಕ್ಕಿದ್ದೇನೂ ಇಲ್ಲ, ಓದು ಕಳೆದುಹೋಯಿತು ಎಂದು ಅವನು ಹೇಳಿಕೊಂಡ. ಕಾನೂನಿನ ಪುಸ್ತಕದಲ್ಲಿ ಮೊಕದ್ದಮೆಯ ಹೆಸರಾಗಿ ಉಳಿದ ಹುಡುಗ ಮಾತಾಡಿದ್ದು ಅದೊಂದು ಸಲ.

ಧಾರವಾಡ ಸೀಮೆಯ ಹಳೆಯ ಚಿತ್ರಗಳು

ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮುಂಚೆ ಈ ತಾಲ್ಲೂಕುಗಳು ಧಾರವಾಡ ಜಿಲ್ಲೆಯವು, ಬ್ರಿಟಿಷರ ಕಾಲದಲ್ಲಿ ಮುಂಬಯಿ ಪ್ರಾಂತದವು. ಸವಣೂರು ಮಾತ್ರ 1948ರವರೆಗೆ ನವಾಬರ ಸಂಸ್ಥಾನ.

ಇಲ್ಲಿಗೆ ಕ್ಯಾಮೆರಾ ಬಂದದ್ದು ಗುಡಿಗಳಿಗಾಗಿ. ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ಬರಹದೊಂದಿಗೆ 1866ರಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ಒಂದು ಭಾರೀ ಫೋಟೋ ಪುಸ್ತಕ ಬಂತು. ಪಿಗೋ, ನೀಲ್, ಬಿಗ್ಸ್ ಎಂಬ ಮೂವರು ತೆಗೆದ ಫೋಟೋಗಳು ಅದರಲ್ಲಿದ್ದವು. 1926ರಲ್ಲಿ ಹೆನ್ರಿ ಕಸಿನ್ಸ್ ಬರೆದ ಚಾಲುಕ್ಯ ವಾಸ್ತುಶಿಲ್ಪದ ಗ್ರಂಥ ಹಾನಗಲ್ಲಿನ ತಾರಕೇಶ್ವರ ಗುಡಿಯನ್ನೂ ಶಿಗ್ಗಾಂವ ತಾಲ್ಲೂಕಿನ ಬಂಕಾಪುರದ ಅರವತ್ತು ಕಂಬದ ಗುಡಿಯನ್ನೂ ವಿವರಿಸಿತು. ಆ ಕಾಲದ ಸರ್ವೇಕ್ಷಣೆಯ ಫೋಟೋಗಳಲ್ಲಿ ಎತ್ತರದ ಅಳತೆ ತಿಳಿಯಲೆಂದು ಊರಿನವರನ್ನು ಕಂಬದ ಪಕ್ಕ ನಿಲ್ಲಿಸುವ ರೂಢಿಯಿತ್ತು. ಕಂಬಕ್ಕೆ ಹೆಸರಿದೆ, ಅಂಕಣಕ್ಕೆ ಅಳತೆಯಿದೆ, ನಿಂತವರಿಗೆ ಹೆಸರಿಲ್ಲ.

ಮಕ್ಕಳು ದುಡಿದ ಕುರುಹು ಆ ಕಾಲದ ಫೋಟೋಗಳಿಗಿಂತ ಕಾಗದದಲ್ಲಿ ಹೆಚ್ಚು. 1876–78ರ ಬರವನ್ನು ಈ ಕಡೆಯ ಜನ ಸಂವತ್ಸರಗಳ ಹೆಸರಿನಲ್ಲಿ ಧಾತು, ಈಶ್ವರದ ಬರ ಎಂದು ನೆನೆಯುತ್ತ ಬಂದಿದ್ದರು. ಆಗ ಮುಂಬಯಿ ಪ್ರಾಂತದ ಜಿಲ್ಲೆಗಳಲ್ಲಿ ಸರ್ಕಾರ ಬರಗಾಲದ ಕಾಮಗಾರಿ ತೆರೆದಾಗ ಮೊದಲು ಗೊತ್ತುಮಾಡಿದ ದಿನಗೂಲಿ ಗಂಡಸಿಗೆ 3 ಆಣೆ, ಹೆಂಗಸಿಗೆ 2 ಆಣೆ, ಕೆಲಸ ಮಾಡಬಲ್ಲ ಹುಡುಗ ಹುಡುಗಿಯರಿಗೆ ಒಂದೂವರೆ ಆಣೆ. ಸರ್ಕಾರವೇ ಮಕ್ಕಳ ಕೂಲಿಯ ದರ ಬರೆದಿಟ್ಟ ಅಪರೂಪದ ದಾಖಲೆಯಿದು. ಅದೇ ಬರದಲ್ಲಿ ಮದರಾಸು ಪ್ರಾಂತದಲ್ಲಿ ವಿಲೋಬಿ ಹೂಪರ್ ತೆಗೆದ ಎಲುಬುಗೂಡಿನಂಥ ಜನರ ಫೋಟೋಗಳು ಜಗತ್ತಿಗೆಲ್ಲ ಪರಿಚಿತ. ಅವರಲ್ಲಿ ಬದುಕಿ ಉಳಿದವರು ಯಾರು ಎಂದು ಆ ಫೋಟೋಗಳಿಂದ ಹೊರಟು ತಲುಪುವ ದಾರಿಯೇ ಇಲ್ಲ.

ಹೆಸರು ಸಿಗುವ ಸಾಧ್ಯತೆ ಇರುವ ಒಂದು ಹಳೆಯ ಭಂಡಾರವಿದೆ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂತು. ಶಾಲೆ, ಅನಾಥಾಲಯ, ನೇಯ್ಗೆ ಮತ್ತು ಹಂಚಿನ ಕಾರ್ಖಾನೆ ನಡೆಸಿತು. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿರುವ ಅದರ ಸಂಗ್ರಹದಲ್ಲಿ ಸಾವಿರಾರು ಹಳೆಯ ಫೋಟೋಗಳಿವೆ, ಜೊತೆಗೆ ಪಾದ್ರಿಗಳು ಜರ್ಮನ್ ಭಾಷೆಯಲ್ಲಿ ಬರೆದ ವರದಿಗಳೂ ಇವೆ. ಇತ್ತ ಕರ್ನಾಟಕದ ಹಳೆಯ ಕ್ರೈಸ್ತ ಸಭೆಗಳಲ್ಲಿ ದೀಕ್ಷಾಸ್ನಾನ, ಮದುವೆ, ಸಾವಿನ ನೋಂದಣಿ ಪುಸ್ತಕಗಳನ್ನು ಇಟ್ಟುಕೊಂಡು ಬರುವ ಪದ್ಧತಿಯಿದೆ. ಒಂದು ಕಡೆಯ ಫೋಟೋ, ಇನ್ನೊಂದು ಕಡೆಯ ಪುಸ್ತಕ ಇವೆರಡನ್ನೂ ಪಕ್ಕಪಕ್ಕ ಇಟ್ಟು ನೋಡಬಲ್ಲ, ಜರ್ಮನ್ ಮತ್ತು ಕನ್ನಡ ಎರಡೂ ಬಲ್ಲ ಯಾರಾದರೂ ಹೊರಟರೆ ಮ್ಯಾನಿಂಗ್ ಮಾಡಿದಂಥ ಕೆಲಸ ನಮ್ಮಲ್ಲೂ ನಡೆದೀತು.

ಕಾನೂನು ಮೊದಲಿಂದಲೂ ಒಂದು ಕಿಂಡಿ ಬಿಟ್ಟಿತ್ತು. 1881ರ ಫ್ಯಾಕ್ಟರಿ ಕಾಯ್ದೆ ಏಳು ವರ್ಷದೊಳಗಿನ ಮಕ್ಕಳನ್ನು ಕಾರ್ಖಾನೆಗೆ ಸೇರಿಸಬಾರದು, ಏಳರಿಂದ ಹನ್ನೆರಡರವರನ್ನು ದಿನಕ್ಕೆ 9 ಗಂಟೆಗಿಂತ ಹೆಚ್ಚು ದುಡಿಸಬಾರದು ಎಂದಿತು. ಆದರೆ ಅದು ಅನ್ವಯಿಸಿದ್ದು ನೂರು ಜನಕ್ಕೆ ಕಡಿಮೆಯಿಲ್ಲದ, ವರ್ಷದಲ್ಲಿ ನಾಲ್ಕು ತಿಂಗಳಿಗಿಂತ ಹೆಚ್ಚು ನಡೆಯುವ ಕಾರ್ಖಾನೆಗಳಿಗೆ. ಹತ್ತಿಯ ಸುಗ್ಗಿಯಲ್ಲಷ್ಟೇ ತೆರೆಯುವ ಜಿನ್ನುಗಳು ಹಾಗೇ ತಪ್ಪಿಸಿಕೊಳ್ಳಬಹುದಾಗಿತ್ತು. 1891ರ ತಿದ್ದುಪಡಿ ಐವತ್ತು ಜನರ ಕಾರ್ಖಾನೆಗಳನ್ನೂ ಸೇರಿಸಿಕೊಂಡು ವಯಸ್ಸನ್ನು ಒಂಬತ್ತಕ್ಕೆ ಏರಿಸಿತು, 1922ರಲ್ಲಿ ಅದು ಹನ್ನೆರಡಾಯಿತು. ಸವಣೂರಿನಂಥ ಸಂಸ್ಥಾನಗಳಿಗೆ ಬ್ರಿಟಿಷ್ ಇಂಡಿಯಾದ ಕಾಯ್ದೆಗಳು ತಾವಾಗಿ ಅನ್ವಯಿಸುತ್ತಿರಲಿಲ್ಲ. ಹೊಲದ ಮಾತಂತೂ ಯಾವ ಕಾಯ್ದೆಯಲ್ಲೂ ಇರಲಿಲ್ಲ. ‘ಹಂಗಾಮಿನ ಕೆಲಸ’ ಎಂಬ ಈ ಕಿಂಡಿ ನೂರ ಇಪ್ಪತ್ತು ವರ್ಷದ ಮೇಲೆ ಮತ್ತೆ ಕಾಣಿಸಿಕೊಳ್ಳುತ್ತದೆ.

ಕ್ರಾಸಿಂಗ್

ಈ ಸೀಮೆಯಲ್ಲಿ ಮಕ್ಕಳ ದುಡಿಮೆಗೆ ‘ಬಾಲಕಾರ್ಮಿಕ’ ಎಂಬ ಶಬ್ದ ಬಂದದ್ದು ಸರ್ಕಾರದ ಗೋಡೆಬರಹದ ಜೊತೆ. ಊರಿನ ಮಾತಿನಲ್ಲಿ ಅದು ದನಾ ಕಾಯೋದು, ಹತ್ತಿ ಬಿಡಿಸೋದು, ಶೇಂಗಾ ಒಡೆಯೋದು, ಕಸಾ ತೆಗೆಯೋದು. ಹುಡುಗನನ್ನು ಯುಗಾದಿಯಿಂದ ಯುಗಾದಿಗೆ ದೊಡ್ಡ ಒಕ್ಕಲ ಮನೆಯಲ್ಲಿ ಬಿಟ್ಟರೆ ಅದು ‘ಸಂಬಳಕ್ಕ ಇಡೋದು’. ಅಪ್ಪ ಮುಂಗಡ ತಂದಿರುತ್ತಿದ್ದ, ಹುಡುಗ ತೀರಿಸುತ್ತಿದ್ದ. 1976ರ ಜೀತ ನಿರ್ಮೂಲನಾ ಕಾಯ್ದೆಯ ಕಣ್ಣಿಗೆ ಇದು ಜೀತ, ಮನೆಯವರ ಬಾಯಲ್ಲಿ ಸಂಬಳ. ಈಗ ಐವತ್ತು ಅರವತ್ತು ದಾಟಿದ ಗಂಡಸರಲ್ಲಿ ಹುಡುಕುವವನು ‘ನೀವು ಬಾಲಕಾರ್ಮಿಕರಾಗಿದ್ದಿರಾ’ ಎಂದು ಕೇಳಿದರೆ ಇಲ್ಲ ಎಂಬ ಉತ್ತರ ಬರಬಹುದು. ‘ಯಾರ ಮನ್ಯಾಗ ಸಂಬಳಕ್ಕಿದ್ರಿ’ ಎಂದು ಕೇಳಿದರೆ ಮಾತು ಬೇರೆಯೇ ಆಗುತ್ತದೆ.

ಇದರ ಮೇಲೆ ಒಂದು ಹೊಸ ಕೆಲಸ ಬಂತು. ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಡಾ. ಬಿ.ಎಚ್. ಕಟರಕಿ ಅವರ ಪೀಳಿಗೆಯ ಹತ್ತಿ ತಳಿ ವಿಜ್ಞಾನಿಗಳು ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸುವ ಕೆಲಸದಲ್ಲಿ ಜಗತ್ತಿಗೇ ಮುಂದಿದ್ದರು. 1972ರಲ್ಲಿ ಅಲ್ಲಿಂದ ಹೊರಬಂದ ‘ವರಲಕ್ಷ್ಮಿ’ ಎರಡು ಜಾತಿಗಳ ಕೂಡಿಕೆಯಿಂದ ವ್ಯಾಪಾರಕ್ಕೆ ಬಂದ ಮೊದಲ ಹೈಬ್ರಿಡ್ ಹತ್ತಿ. 1981ರಲ್ಲಿ ‘ಜಯಲಕ್ಷ್ಮಿ’ ಬಂತು, ರೈತರಿಗೆ ಅದು ಡಿಸಿಎಚ್ 32. ಉದ್ದ ಎಳೆಯ ಹತ್ತಿಗಾಗಿ ಹೊರದೇಶದ ಕಡೆ ನೋಡುತ್ತಿದ್ದ ದೇಶಕ್ಕೆ ಇದು ದೊಡ್ಡ ಗಳಿಕೆ. ಇದನ್ನು ಹೆಮ್ಮೆಯಿಂದಲೇ ಹೇಳಬೇಕು. ಆದರೆ ಹೈಬ್ರಿಡ್ ಬೀಜವನ್ನು ರೈತ ಮನೆಯಲ್ಲಿ ಎತ್ತಿಟ್ಟು ಮರುವರ್ಷ ಬಿತ್ತಿದರೆ ಗುಣ ಉಳಿಯುವುದಿಲ್ಲ; ಪ್ರತಿವರ್ಷ ಹೊಸದಾಗಿ ಮಾಡಬೇಕು, ಅದೂ ಒಂದೊಂದು ಹೂವನ್ನೂ ಕೈಯಿಂದಲೇ.

ಆ ಕೈಕೆಲಸಕ್ಕೆ ಜನ ಇಟ್ಟುಕೊಂಡ ಹೆಸರು ಕ್ರಾಸಿಂಗ್. ಮಧ್ಯಾಹ್ನದ ಮೇಲೆ ಹೆಣ್ಣು ಸಾಲಿಗೆ ಇಳಿದು, ಮರುದಿನ ಅರಳಲಿರುವ ಮೊಗ್ಗನ್ನು ಗುರುತಿಸಬೇಕು. ಹೆಬ್ಬೆರಳ ಉಗುರಿನಿಂದ ಬುಡದಲ್ಲಿ ಸೀಳಿ, ದಳದ ಜೊತೆಗೆ ಗಂಡು ಕೇಸರವನ್ನೆಲ್ಲ ಒಂದೇ ಸುತ್ತಿಗೆ ಬಿಡಿಸಿ ತೆಗೆಯಬೇಕು. ಒಳಗಿನ ಶಲಾಕೆಗೆ ಗಾಯವಾಗಬಾರದು. ಬಿಡಿಸಿದ ಮೊಗ್ಗಿಗೆ ಗುರುತು ಹಾಕಬೇಕು. ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂ ಕಿತ್ತು ತಂದು, ಗುರುತಿನ ಪ್ರತಿ ಹೂವಿಗೂ ಪರಾಗ ಸವರಬೇಕು. ಹೊತ್ತು ಏರಿದರೆ ಪರಾಗ ಕೆಲಸಕ್ಕೆ ಬರುವುದಿಲ್ಲ. ಇದು ಎರಡು ತಿಂಗಳ ಆಸುಪಾಸು ದಿನವೂ ನಡೆಯಬೇಕು, ರವಿವಾರವಿಲ್ಲ, ಹಬ್ಬವಿಲ್ಲ. ಎಕರೆಗೆ ಎಂಟು ಹತ್ತು ಕೈ ಬೇಕು. ಟೊಮೆಟೊ, ಮೆಣಸಿನಕಾಯಿ, ಬದನೆಯ ಹೈಬ್ರಿಡ್ ಬೀಜಕ್ಕೂ ಇದೇ ಬಗೆಯ ಕೆಲಸ, ಹೂ ಇನ್ನೂ ಸಣ್ಣದು, ಕೈಯಲ್ಲಿ ಚಿಮಟ. ರಾಣೆಬೆನ್ನೂರು ಬೀಜ ವ್ಯವಹಾರದ ದೊಡ್ಡ ಪೇಟೆಯಾಗಿ ಬೆಳೆದಂತೆ ಪಕ್ಕದ ಹಿರೇಕೆರೂರು ಮೊದಲಾದ ಕಡೆ ಬೀಜೋತ್ಪಾದನೆ ಹಬ್ಬಿತು.

ಮಕ್ಕಳ ಬೆರಳು ಸಣ್ಣ, ಗಿಡದ ಎತ್ತರಕ್ಕೆ ಅವರೇ ಸರಿ, ಬಗ್ಗುವ ಕಷ್ಟವಿಲ್ಲ ಎಂಬ ಮಾತು ಈ ಕೆಲಸದ ಸುತ್ತ ಹುಟ್ಟಿಕೊಂಡಿತು. ಇದೇ ಮಾತನ್ನು ಅಮೆರಿಕದ ಗಿರಣಿ ಮಾಲೀಕರೂ ಹೇಳಿದ್ದರು, ರತ್ನಗಂಬಳಿ ನೇಯಿಸುವವರೂ ಹೇಳಿದ್ದರು. ದೊಡ್ಡವರ ಬೆರಳೂ ಈ ಕೆಲಸ ಮಾಡುತ್ತದೆ, ಕೂಲಿ ಹೆಚ್ಚು ಕೇಳುತ್ತದೆ ಅಷ್ಟೆ. ಬೀಜದ ಬೆಲೆಯನ್ನು ಕಂಪನಿ ಗೊತ್ತುಮಾಡುತ್ತದೆ, ನಡುವೆ ಆರ್ಗನೈಸರ್ ಇರುತ್ತಾನೆ, ಕೊನೆಗೆ ಉಳಿದದ್ದರಲ್ಲಿ ರೈತ ಕೂಲಿ ಕೊಡಬೇಕು. ಆ ಸರಪಳಿಯ ತುದಿಯಲ್ಲಿ ನಿಂತವಳು ಹತ್ತು ಹನ್ನೆರಡು ವರ್ಷದ ಹುಡುಗಿ. ಸಂಶೋಧಕ ದಾವುಲೂರಿ ವೆಂಕಟೇಶ್ವರ್ಲು ಆಂಧ್ರದ ಹತ್ತಿ ಬೀಜದ ಹೊಲಗಳ ಬಗ್ಗೆ 2003ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಜಗತ್ತಿನ ಗಮನಕ್ಕೆ ತಂದಿತು. ದುಡಿಯುವ ಮಕ್ಕಳಲ್ಲಿ ಹೆಣ್ಣುಮಕ್ಕಳೇ ಹೆಚ್ಚು, ಕೂಲಿ ದೊಡ್ಡವರಿಗಿಂತ ಕಡಿಮೆ, ಹೆತ್ತವರಿಗೆ ಮುಂಗಡ ಎಂಬುದನ್ನು ಅದು ತೋರಿಸಿತು. ಆಮೇಲಿನ ವರ್ಷಗಳಲ್ಲಿ ಅವರೂ ಇತರರೂ ಗುಜರಾತ್, ತಮಿಳುನಾಡು, ಕರ್ನಾಟಕಗಳ ಹತ್ತಿ ಬೀಜವನ್ನೂ, 2010ರ ವರದಿಯಲ್ಲಿ ತರಕಾರಿ ಬೀಜವನ್ನೂ ಅಧ್ಯಯನ ಮಾಡಿದರು.

ಈ ಮಕ್ಕಳನ್ನು ಎಣಿಸಿದವರು ಯಾರು? 2001ರ ಜನಗಣತಿ ಭಾರತದಲ್ಲಿ 5ರಿಂದ 14ರ ವಯಸ್ಸಿನ 1.26 ಕೋಟಿ ದುಡಿಯುವ ಮಕ್ಕಳನ್ನು ಲೆಕ್ಕ ಹಾಕಿತು, ಅದರಲ್ಲಿ ಕರ್ನಾಟಕದವರು 8.22 ಲಕ್ಷ. 2011ರಲ್ಲಿ ದೇಶದ ಲೆಕ್ಕ 1.01 ಕೋಟಿಗೆ ಇಳಿಯಿತು. ಜನಗಣತಿಯ ಪ್ರಕಾರ ವರ್ಷಕ್ಕೆ ಆರು ತಿಂಗಳು ದುಡಿಯದವರು ‘ಅಲ್ಪಾವಧಿ’ ಕೆಲಸಗಾರರು. ಕ್ರಾಸಿಂಗ್ ಎರಡು ಮೂರು ತಿಂಗಳ ಕೆಲಸ. ಶಾಲೆಯ ಹಾಜರಿಯಲ್ಲಿ ಹುಡುಗಿಯ ಹೆಸರು ಇದ್ದೇ ಇರುತ್ತದೆ, ಹೂ ಬಿಡುವ ತಿಂಗಳುಗಳಲ್ಲಿ ಗೈರು, ದಸರಾ ರಜೆ ಅದರಲ್ಲೇ ಕೂಡಿಕೊಳ್ಳುತ್ತದೆ. ಗಣತಿಯವರು ಮನೆಗೆ ಬಂದಾಗ ಅವಳು ವಿದ್ಯಾರ್ಥಿನಿ. 1986ರ ಬಾಲಕಾರ್ಮಿಕ ಕಾಯ್ದೆಯ ನಿಷೇಧದ ಪಟ್ಟಿಯಲ್ಲಿ ಬೇಸಾಯದ ಬಹುಪಾಲು ಕೆಲಸ ಇರಲೇ ಇಲ್ಲ. 14ರ ಒಳಗಿನವರಿಗೆ ಎಲ್ಲ ಉದ್ಯೋಗವನ್ನೂ ನಿಷೇಧಿಸಿದ್ದು 2016ರ ತಿದ್ದುಪಡಿ. ಅದೂ ಶಾಲೆ ಬಿಟ್ಟ ಮೇಲೆ ಮತ್ತು ರಜೆಯಲ್ಲಿ ಮನೆತನದ ಕೆಲಸಕ್ಕೆ ನೆರವಾಗುವುದನ್ನು ಬಿಟ್ಟುಕೊಟ್ಟಿತು. 1881ರ ಕಿಂಡಿ ಇಲ್ಲಿ ಮತ್ತೆ ತೆರೆದಂತಾಯಿತು: ಹಂಗಾಮಿನವರು ಲೆಕ್ಕದಿಂದ ಜಾರುತ್ತಾರೆ, ಲೆಕ್ಕದಿಂದ ಜಾರಿದವರನ್ನು ಮುಂದೆ ಹುಡುಕುವುದು ಇನ್ನೂ ಕಷ್ಟ.

ಹೆಸರುಗಳಿರುವ ಜಾಗ

ಬೀಜದ ಹೊಲಗಳಲ್ಲಿ ದುಡಿಯುವ ಮಕ್ಕಳ ಫೋಟೋಗಳು ವರದಿಗಳಲ್ಲಿ ಬಂದವು, ಪತ್ರಿಕೆಗಳಲ್ಲಿ ಬಂದವು. ಒಳ್ಳೆಯ ವರದಿಗಾರರು ಮಗುವಿನ ಹೆಸರನ್ನು ಬೇಕೆಂದೇ ಬದಲಿಸುತ್ತಾರೆ. ರಾಮನಗರ, ಮಾಗಡಿ ಕಡೆಯ ರೇಷ್ಮೆ ನೂಲು ತೆಗೆಯುವ ಘಟಕಗಳ ಜೀತದ ಮಕ್ಕಳ ಬಗ್ಗೆ ಹ್ಯೂಮನ್ ರೈಟ್ಸ್ ವಾಚ್ 2003ರಲ್ಲಿ ತಂದ ವರದಿಯಲ್ಲಿ ಮಕ್ಕಳ ಹೆಸರು ನಿಜವಾದವಲ್ಲ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮು ರಕ್ಷಣೆ ಬೇಕಾದ ಮಗುವಿನ ಗುರುತು ಸಿಗುವಂಥ ಹೆಸರು, ಶಾಲೆ, ಫೋಟೋ ಯಾವುದನ್ನೂ ಪ್ರಕಟಿಸಬಾರದೆನ್ನುತ್ತದೆ. ಕಾನೂನನ್ನು ಮೀರಿ ಕೆಲಸಕ್ಕೆ ಹಚ್ಚಿದ ಮಗುವೂ ಅದರಲ್ಲಿ ಸೇರುತ್ತದೆ. ಇದು ಸರಿಯಾದ ಕಾನೂನು. ಹನ್ನೊಂದರ ಹುಡುಗಿಗೆ ತನ್ನ ಮುಖ ಎಲ್ಲಿ ಅಚ್ಚಾಗಬೇಕೆಂದು ಹೇಳುವ ಶಕ್ತಿ ಇರುವುದಿಲ್ಲ. ಆದರೆ ಹೈನ್ ಬರೆದ ನಾಲ್ಕು ಸಾಲು ನಮ್ಮ ಕಾಲದ ಫೋಟೋಗಳ ಕೆಳಗೆ ಎಂದೂ ಇರುವುದಿಲ್ಲ ಎಂಬುದೂ ಅಷ್ಟೇ ನಿಜ. ಹೆಸರನ್ನು ಪ್ರಕಟಿಸದೆ ಜೋಪಾನವಾಗಿ ಬೇರೆ ಕಡೆ ಇಟ್ಟು, ಆ ಮಗು ದೊಡ್ಡದಾಗಿ ಕೇಳಿದ ದಿನ ಕೊಡುವಂಥ ಏರ್ಪಾಟು ಬೇಕು.

ಸದ್ಯಕ್ಕೆ ಹೆಸರುಗಳು ಇರುವುದು ಫೋಟೋದಿಂದ ದೂರದಲ್ಲಿ. ಮೊದಲನೆಯದು ಊರ ಕನ್ನಡ ಶಾಲೆಯ ಜನರಲ್ ರಜಿಸ್ಟರ್. ಮುಂಬಯಿ ಪ್ರಾಂತದ ಕಾಲದಿಂದ ಬಂದ ಈ ದೊಡ್ಡ ಪುಸ್ತಕದಲ್ಲಿ ಮಗುವಿನ ಹೆಸರು, ತಂದೆಯ ಹೆಸರು, ಜಾತಿ, ಹುಟ್ಟಿದ ದಿನ, ಸೇರಿದ ದಿನ, ಬಿಟ್ಟ ದಿನ ಒಂದೇ ಸಾಲಿನಲ್ಲಿ ಇರುತ್ತವೆ. ಶಾಲೆ ಬಿಟ್ಟ ಕಾರಣಕ್ಕೂ ಒಂದು ಅಂಕಣ. ಆ ಅಂಕಣ ಬಹಳ ಸಲ ಒಂದೆರಡು ಶಬ್ದದಲ್ಲಿ ಮುಗಿದುಹೋಗುತ್ತದೆ. ಆದರೂ ಬಿಟ್ಟ ತಾರೀಖು ಮಾತಾಡುತ್ತದೆ. ಜೂನ್‌ನಲ್ಲಿ ಬಿಟ್ಟ ಮಗುವಿನ ಕಥೆಯೂ ಹತ್ತಿ ಹೂ ಬಿಡುವ ಸೆಪ್ಟೆಂಬರ್‌ನಲ್ಲಿ ಬಿಟ್ಟ ಮಗುವಿನ ಕಥೆಯೂ ಒಂದೇ ಇರಲಾರದು. ಒಂದು ಊರಿನ ಹತ್ತು ವರ್ಷದ ತಾರೀಖುಗಳನ್ನು ಸಾಲಾಗಿ ಇಟ್ಟು ನೋಡಿದರೆ ಬೀಜದ ಹಂಗಾಮು ಎದ್ದು ಕಾಣಬೇಕು. ಇದು ಯಾವುದೇ ಶಿಕ್ಷಕ ತನ್ನ ಶಾಲೆಯಲ್ಲಿ ಕೂತು ಮಾಡಬಹುದಾದ ಸಂಶೋಧನೆ.

ಆಮೇಲೆ ಶಾಲೆಯ ಗ್ರೂಪ್ ಫೋಟೋ, ಜಾತ್ರೆಯಲ್ಲಿ ಪರದೆಯ ಮುಂದೆ ತೆಗೆಸಿದ ಫೋಟೋ, ಅಕ್ಕನ ಮದುವೆಯ ಆಲ್ಬಮ್. ದುಡಿಯುವ ಮಗುವಿನ ಫೋಟೋವನ್ನು ಹೊರಗಿನವರು ತೆಗೆದರೆ, ಅದೇ ಮಗು ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ನಿಂತ ಫೋಟೋವನ್ನು ಮನೆಯವರು ತೆಗೆಸಿದ್ದಾರೆ. ಹುಡುಕುವವರು ಎರಡನ್ನೂ ನೋಡದಿದ್ದರೆ ಆ ಮಗು ತಾನು ಹೇಗೆ ಕಾಣಬೇಕೆಂದು ಬಯಸಿತ್ತು ಎಂಬುದು ತಿಳಿಯುವುದಿಲ್ಲ. 2006ರಲ್ಲಿ ಶುರುವಾದ ಉದ್ಯೋಗ ಖಾತ್ರಿ ಯೋಜನೆಯ ಜಾಬ್ ಕಾರ್ಡಿನಲ್ಲಿ ಕುಟುಂಬದ ದೊಡ್ಡವರ ಫೋಟೋ ಹೆಸರಿನ ಸಮೇತ ಇದೆ. ಕೂಲಿಯವರ ಮುಖ ಮತ್ತು ಹೆಸರು ಒಂದೇ ಕಾಗದದಲ್ಲಿ ಕೂಡಿದ್ದು ಇಲ್ಲಿ.

ಅಮೆರಿಕದವರಿಗೆ ಇಲ್ಲದ ಒಂದು ಸಂಪತ್ತು ಈ ಕಡೆ ಇದೆ: ಹೆಳವರು. ಉತ್ತರ ಕರ್ನಾಟಕದ ಊರುಗಳಿಗೆ ಸುಗ್ಗಿ ಮುಗಿದ ಮೇಲೆ ಎತ್ತಿನೊಡನೆ ಬಂದು, ಮನೆಯ ಮುಂದೆ ನಿಂತು ಆ ಮನೆತನದ ಮೂಲ, ಬಂದ ಊರು, ಕವಲೊಡೆದ ಅಣ್ಣತಮ್ಮಂದಿರನ್ನು ಹೆಸರು ಹೆಸರಾಗಿ ಹೇಳುವವರು ಇವರು. ಹೊಸದಾಗಿ ಹುಟ್ಟಿದವರನ್ನು ತಮ್ಮ ಪುಸ್ತಕಕ್ಕೆ ಸೇರಿಸಿಕೊಂಡು ಕಾಳು, ಬಟ್ಟೆ, ಹಣ ಪಡೆದು ಮುಂದಿನ ಊರಿಗೆ ಹೋಗುತ್ತಾರೆ. ದುಡಿಯಲು ಊರು ಬಿಟ್ಟ ಹುಡುಗ ಯಾವ ಕವಲಿನವನು, ಆ ಕವಲು ಈಗ ಯಾವ ಊರಲ್ಲಿದೆ ಎಂದು ಹೇಳಬಲ್ಲವರು ಇವರಿಗಿಂತ ಬೇರೆ ಸಿಗುವುದು ಕಷ್ಟ. ಆದರೆ ವಂಶಾವಳಿ ಗಂಡು ಸಂತಾನದ ಜಾಡು ಹಿಡಿದು ಹೋಗುತ್ತದೆ. ಕ್ರಾಸಿಂಗ್ ಮಾಡಿದವರು ಹೆಚ್ಚಾಗಿ ಹುಡುಗಿಯರು.

ಹುಡುಗಿಯನ್ನು ಹುಡುಕುವಾಗ ಜಾಡು ಮದುವೆಯ ಹತ್ತಿರ ಕಡಿಯುತ್ತದೆ. ಊರು ಬದಲಾಗುತ್ತದೆ, ಅಪ್ಪನ ಹೆಸರಿನ ಜಾಗಕ್ಕೆ ಗಂಡನ ಹೆಸರು ಬರುತ್ತದೆ, ಕೆಲವು ಮನೆತನಗಳಲ್ಲಿ ಹೆಸರೇ ಹೊಸದಾಗುತ್ತದೆ. ರೇಷನ್ ಕಾರ್ಡು ಬೇರೆ, ಮತದಾರರ ಪಟ್ಟಿ ಬೇರೆ. ಆಡಿ ಕಾರ್ಡ್ ವಿಷಯದಲ್ಲೂ ಮ್ಯಾನಿಂಗ್ ಬೆವರು ಸುರಿಸಿದ್ದು ಹೀಗೆ ಬದಲಾದ ಹೆಸರುಗಳ ಮೇಲೆಯೇ. ಇಲ್ಲಿ ಕೆಲಸಕ್ಕೆ ಬರುವುದು ಲಗ್ನಪತ್ರಿಕೆ ಮತ್ತು ಮದುವೆಯ ದಿನ ಯಾರು ಎಷ್ಟು ಮುಯ್ಯಿ ಮಾಡಿದರೆಂದು ಬರೆದಿಟ್ಟ ನೋಟುಬುಕ್ಕು. ಬೀಗರ ಊರು ಅದರಲ್ಲಿ ಇರುತ್ತದೆ, ಜೊತೆಗೆ ಕ್ರಾಸಿಂಗಿಗೆ ಜೋಡಿಯಾಗಿ ಹೋಗುತ್ತಿದ್ದ ಗೆಳತಿಯರ ಮನೆಯ ಹೆಸರೂ ಇರುತ್ತದೆ. ಟಂಟಂನಲ್ಲಿ ಒಟ್ಟಿಗೆ ಹೋಗುತ್ತಿದ್ದವರಿಗೆ ಪರಸ್ಪರರ ಗಂಡನ ಊರು ಬಾಯಿಪಾಠ. ಫೋಟೋ ಒಂದನ್ನು ಕೈಯಲ್ಲಿ ಹಿಡಿದು ಹೊರಟವರು ಮೊದಲು ಹೋಗಬೇಕಾದ್ದು ಕಚೇರಿಗಲ್ಲ, ಅವರ ಹತ್ತಿರ.

ಹುಡುಕುವ ಹಕ್ಕು

ಹಿಂದಕ್ಕೆ ಹುಡುಕುವ ಬದಲು ಮುಂದಕ್ಕೆ ಜೊತೆಯಲ್ಲಿ ನಡೆಯುವ ಇನ್ನೊಂದು ಬಗೆಯಿದೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಿಂದ ನಡೆಯುವ ‘ಯಂಗ್ ಲೈವ್ಸ್’ ಅಧ್ಯಯನ 2002ರಲ್ಲಿ ಅವಿಭಜಿತ ಆಂಧ್ರಪ್ರದೇಶದಲ್ಲಿ ಎರಡು ವಯಸ್ಸಿನ ಒಟ್ಟು ಸುಮಾರು 3,000 ಮಕ್ಕಳನ್ನು ಆರಿಸಿಕೊಂಡು, ಕೆಲವು ವರ್ಷಕ್ಕೊಮ್ಮೆ ಅವರ ಮನೆಗೇ ಹೋಗಿ ಮಾತಾಡಿಸುತ್ತ ಬಂದಿದೆ. ಹತ್ತಿ ಬೀಜದ ಹೊಲಗಳಿಗೆ ಹೋಗುತ್ತಿದ್ದ ಮಕ್ಕಳೂ ಅದರಲ್ಲಿದ್ದರು. 1994–95ರಲ್ಲಿ ಹುಟ್ಟಿದ ಹಿರಿಯ ಗುಂಪಿನವರು ಓದು ಬಿಟ್ಟದ್ದು, ಮದುವೆಯಾದದ್ದು, ತಾಯಂದಿರಾದದ್ದು ಎಲ್ಲ ಅದರಲ್ಲಿ ದಾಖಲಾಗಿದೆ. ತುಂಗಭದ್ರೆಯ ಈಚೆಗೆ ಇಂಥದ್ದೊಂದು ಅಧ್ಯಯನ ನಡೆಯಬೇಕಿತ್ತು ಎಂದು ಯಾರಿಗಾದರೂ ಅನಿಸುತ್ತದೆ.

ಮಕ್ಕಳು ತಾವೇ ತಮ್ಮ ದಾಖಲೆ ಬರೆದುಕೊಂಡ ಉದಾಹರಣೆ ಕರ್ನಾಟಕದಲ್ಲೇ ಇದೆ. ಬೆಂಗಳೂರಿನ ಸಿಡಬ್ಲ್ಯುಸಿ (ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್) ಸಂಸ್ಥೆಯ ಬೆಂಬಲದಿಂದ ದುಡಿಯುವ ಮಕ್ಕಳು 1990ರಲ್ಲಿ ‘ಭೀಮ ಸಂಘ’ ಕಟ್ಟಿಕೊಂಡರು, ‘ಭೀಮ ಪತ್ರಿಕೆ’ ಹೊರಡಿಸಿದರು. 1996ರಲ್ಲಿ ಕುಂದಾಪುರದಲ್ಲಿ ಹಲವು ದೇಶಗಳ ದುಡಿಯುವ ಮಕ್ಕಳು ಸೇರಿ ತಮ್ಮ ಹತ್ತು ಬೇಡಿಕೆಗಳ ಘೋಷಣೆ ಮಾಡಿದರು. ದುಡಿಮೆಯನ್ನು ಪೂರ್ತಿ ನಿಷೇಧಿಸಬೇಕೋ, ದುಡಿಯುವ ಮಕ್ಕಳಿಗೆ ಗೌರವ ಮತ್ತು ಓದು ಸಿಗುವಂತೆ ಮಾಡಬೇಕೋ ಎಂಬ ವಾದ ಅಂದು ಬಿಸಿಯಾಗಿತ್ತು, ಇಂದೂ ತಣಿದಿಲ್ಲ. ಆದರೆ ಈ ಮಕ್ಕಳು ಯಾರದೋ ಫೋಟೋದ ಮೂಲೆಯಲ್ಲಿ ಉಳಿಯಲಿಲ್ಲ, ತಮ್ಮ ಮಾತಿನ ಕೆಳಗೆ ತಾವೇ ನಿಂತರು.

ಹುಡುಕಿ ಸಿಕ್ಕವರು ಸಿಗಲು ಬಯಸುತ್ತಾರೆಯೇ ಎಂಬ ಪ್ರಶ್ನೆ ಹೈನ್ ಫೋಟೋಗಳ ವಿಷಯದಲ್ಲಿ ಅಷ್ಟು ಕಾಡಲಿಲ್ಲ. ಮಕ್ಕಳೆಲ್ಲ ತೀರಿಹೋಗಿದ್ದರು, ಉತ್ತರ ಕೊಟ್ಟವರು ಮೊಮ್ಮಕ್ಕಳು. ಇಲ್ಲಿ ಹಾಗಲ್ಲ. 2003ರಲ್ಲಿ ಹನ್ನೊಂದು ವರ್ಷದವಳಾಗಿ ಬೀಜದ ಹೊಲದಲ್ಲಿ ನಿಂತಿದ್ದ ಹುಡುಗಿಗೆ 2025ಕ್ಕೆ ಮೂವತ್ಮೂರು. ಅವಳ ಅತ್ತೆಮನೆಗೆ, ಅವಳ ಮಕ್ಕಳಿಗೆ ಆ ಫೋಟೋ ಗೊತ್ತಿಲ್ಲದಿರಬಹುದು. ತನ್ನ ಅಪ್ಪ ಮುಂಗಡ ತಂದದ್ದನ್ನು ನಾಲ್ಕು ಜನರ ಮುಂದೆ ಎತ್ತುವುದು ಅವಳಿಗೆ ಬೇಡವಾಗಿರಬಹುದು. ಬಿಟ್ಟುಹೋದ ಐದನೆಯ ಇಯತ್ತೆಯ ಮಾತನ್ನು ಯಾರಾದರೂ ಕೇಳಲಿ ಎಂದು ಕಾದಿರಲೂಬಹುದು. ಫೋಟೋ ಮೊದಲು ಅವಳ ಕೈಗೆ ಹೋಗಬೇಕು, ಬೇರೆಯವರಿಗೆ ತೋರಿಸುವ ಮಾತು ಆಮೇಲೆ, ಅದೂ ಅವಳು ಹೂಂ ಎಂದರೆ. ಮ್ಯಾನಿಂಗ್ ಕೂಡ ಮೊದಲು ಮಾಡುತ್ತಿದ್ದದ್ದು ಮನೆಯವರಿಗೆ ಫೋನ್.

ಆ ವಯಸ್ಸಿನವರ ಮಕ್ಕಳು ಇಂದು ಇದೇ ಊರುಗಳ ಕನ್ನಡ ಶಾಲೆಗಳಲ್ಲಿ ಓದುತ್ತಿದ್ದಾರೆ. ಹಳೆಯ ಜನರಲ್ ರಜಿಸ್ಟರಿನ ಸಾಲಿನಲ್ಲಿ ಮಗುವಿನ ಪಕ್ಕ ಇರುತ್ತಿದ್ದದ್ದು ತಂದೆಯ ಹೆಸರು. ಈಗ ದಾಖಲಾತಿ ತುಂಬುವಾಗ ತಾಯಿಯ ಹೆಸರಿಗೂ ಒಂದು ಜಾಗವಿದೆ. ಇಪ್ಪತ್ತು ವರ್ಷದ ಹಿಂದೆ ಯಾವುದೋ ಸೆಪ್ಟೆಂಬರಿನಲ್ಲಿ ಶಾಲೆ ಬಿಟ್ಟ ಹುಡುಗಿಯ ಹೆಸರನ್ನು ಗಂಡನ ಊರಿನ ಶಾಲೆಯಲ್ಲಿ ಜೂನ್ ತಿಂಗಳ ಒಂದು ಬೆಳಿಗ್ಗೆ ಹೆಡ್ ಮಾಸ್ತರು ಆ ಜಾಗದಲ್ಲಿ ಬರೆದುಕೊಳ್ಳುತ್ತಾರೆ.